ನಿದ್ದೆ ಮಾತ್ರೆ: ಹತ್ತಿದ ದಾರಿ, ಇಳಿಯುವ ದಾರಿ

ಮನಸ್ಸನ್ನು ಶಾಂತಗೊಳಿಸುವ ಆಧುನಿಕ ಮಾತ್ರೆಗಳ ಚರಿತ್ರೆಯಲ್ಲಿ ನಮ್ಮ ಮುಂಬಯಿಗೂ ಒಂದು ಪುಟವಿದೆ. ಕೆ.ಇ.ಎಂ. ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ 'ಬ್ರಿಟಿಷ್ ಹಾರ್ಟ್ ಜರ್ನಲ್'ನಲ್ಲಿ ಸರ್ಪಗಂಧದ ಬಗ್ಗೆ ಬರೆದರು. ನಮ್ಮ ಮಲೆನಾಡಿನಲ್ಲೂ ಬೆಳೆಯುವ ಈ ಗಿಡದ ಬೇರು ರಕ್ತದೊತ್ತಡ ಇಳಿಸುತ್ತದೆ ಎಂಬುದು ಅದರ ಸಾರ. ಅದು ಮನಸ್ಸಿನ ಉದ್ರೇಕವನ್ನೂ ತಗ್ಗಿಸುತ್ತದೆ ಎಂದು ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಬೋಸ್ 1931ರಲ್ಲೇ ಹೇಳಿದ್ದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಆ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿತು. 'ಟ್ರಾಂಕ್ವಿಲೈಸರ್' ಎಂಬ ಪದ ಚಾಲ್ತಿಗೆ ಬಂದದ್ದು ಅದರ ಬೆನ್ನಿಗೇ. ವಕೀಲರಿಗೆ 1957ರಲ್ಲಿ ಲಾಸ್ಕರ್ ಪ್ರಶಸ್ತಿ ಸಿಕ್ಕಿತು.

ಈ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಮಾತ್ರೆ ಶುರು ಮಾಡುವ ವಿದ್ಯೆ ಬೇಗ ಬರುತ್ತದೆ. ನಿಲ್ಲಿಸುವ ವಿದ್ಯೆ ದಶಕಗಳಷ್ಟು ತಡವಾಗಿ ಬರುತ್ತದೆ.

ಬಾರ್ಬಿಟುರೇಟ್ ಮಾತ್ರೆಗಳು ಬಂದದ್ದು 1900ರ ದಶಕದ ಆರಂಭದಲ್ಲಿ. ಅವನ್ನು ತಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು ಎಂದು ಹ್ಯಾರಿಸ್ ಇಸ್ಬೆಲ್ ತಂಡ ಪ್ರಯೋಗದಿಂದ ತೋರಿಸಿದ್ದು 1950ರಲ್ಲಿ. ಹಾಗಾದರೆ ಹೊಸ ಮಾತ್ರೆ ಬೇಕಲ್ಲ? 1960ರಲ್ಲಿ ಲಿಬ್ರಿಯಂ ಬಂತು, 1963ರಲ್ಲಿ ವೇಲಿಯಂ, ಅಂದರೆ ಡಯಾಜೆಪಾಮ್. ಅದೇ ಔಷಧವನ್ನು ರ‍್ಯಾನ್‌ಬ್ಯಾಕ್ಸಿ 'ಕಾಂಪೋಸ್' ಹೆಸರಿನಲ್ಲಿ ಭಾರತದ ಮನೆಮಾತಾಗಿಸಿತು. ಲಿಯೋ ಹಾಲಿಸ್ಟರ್ 1961ರಲ್ಲೇ ಎಚ್ಚರಿಸಿದ್ದರು: ತಿಂಗಳುಗಟ್ಟಲೆ ಹೆಚ್ಚು ಪ್ರಮಾಣದಲ್ಲಿ ಲಿಬ್ರಿಯಂ ಪಡೆದ 11 ರೋಗಿಗಳಿಗೆ ಅದನ್ನು ಹಠಾತ್ತನೆ ನಿಲ್ಲಿಸಿದಾಗ 10 ಮಂದಿ ತೊಂದರೆಗೊಳಗಾದರು. 'ಅದು ಹೆಚ್ಚು ಡೋಸಿನ ಮಾತು' ಎಂದು ಜಗತ್ತು ಸಮಾಧಾನ ಮಾಡಿಕೊಂಡಿತು. ಸಾಮಾನ್ಯ ಡೋಸಿಗೂ ಇದು ಅನ್ವಯಿಸುತ್ತದೆ ಎಂಬುದು ಗಟ್ಟಿಯಾಗಲು 1980ರ ದಶಕವೇ ಬೇಕಾಯಿತು.

ಕಾರಣ ಸರಳ. ಮಿದುಳಿನಲ್ಲಿ ಬ್ರೇಕಿನ ಕೆಲಸ ಮಾಡುವ ಗಾಬಾ ಎಂಬ ರಾಸಾಯನಿಕಕ್ಕೆ ಈ ಮಾತ್ರೆ ಬಲ ಕೊಡುತ್ತದೆ. ದಿನವೂ ಹೊರಗಿನಿಂದ ಬಲ ಸಿಕ್ಕರೆ ಮಿದುಳು ತನ್ನ ಬ್ರೇಕನ್ನು ಸಡಿಲಿಸುತ್ತದೆ. ಮಾತ್ರೆ ನಿಂತರೆ ನಿದ್ದೆ ಹಾರುತ್ತದೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. 'ಹಳೇ ಕಾಯಿಲೆ ಮರಳಿತು' ಅಂದುಕೊಂಡು ಮತ್ತೆ ಮಾತ್ರೆಗೇ ಹೋಗುತ್ತೇವೆ.

ಬಿಡಿಸುವ ಕೆಲಸವನ್ನೇ ವಿದ್ಯೆಯಾಗಿಸಿದವರು ಇಂಗ್ಲೆಂಡಿನ ನ್ಯೂಕಾಸಲ್‌ನ ಹೆದರ್ ಆಷ್ಟನ್. 1982ರಿಂದ 1994ರವರೆಗೆ ಅವರು ಇದಕ್ಕೆಂದೇ ಕ್ಲಿನಿಕ್ ನಡೆಸಿದರು. ಅವರ ಪಾಠ: ನಿಧಾನವಾಗಿ ಇಳಿಯಿರಿ, ವೇಗವನ್ನು ರೋಗಿ ನಿರ್ಧರಿಸಲಿ. ಅಮೆರಿಕದ ವೈದ್ಯ ಸಂಘಗಳ 2025ರ ಮಾರ್ಗಸೂಚಿಯೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ: ಆರಂಭದಲ್ಲಿ 2ರಿಂದ 4 ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಕೆ, ಎರಡು ವಾರಕ್ಕೆ ಶೇ. 25 ಮೀರದಂತೆ.

ಈ ಲೆಕ್ಕ ನನಗೂ ಬೇಕಾಗಿದೆ. ಅಮೆರಿಕದ ಕ್ಲೈಂಟ್‌ಗಳ ರಾತ್ರಿ ಕಾಲ್‌ಗಳ ಕಾಲದಲ್ಲಿ ವೈದ್ಯರು ಬರೆದುಕೊಟ್ಟ ಆಲ್‌ಪ್ರಜೋಲಾಮ್‌ನಿಂದ ಈಗ ಅವರ ಸಲಹೆಯಂತೆಯೇ ಇಳಿಯುತ್ತಿದ್ದೇನೆ. ಅಂಗಡಿಯಲ್ಲಿ ಸಿಗುವುದು 0.25, 0.5 ಎಂಬ ಅಳತೆಗಳು. 0.5ರಿಂದ ಪ್ರತಿ ಸಲ 0.125ರಷ್ಟೇ ಇಳಿದರೂ ಮೊದಲ ಮೆಟ್ಟಿಲು ಶೇ. 25, ಎರಡನೆಯದು 33, ಮೂರನೆಯದು 50. ಕೆಳಗೆ ಬಂದಂತೆ ಮೆಟ್ಟಿಲು ಕಡಿದಾಗುತ್ತದೆ. ಕೊನೆಯ ಚೂರು ಅಷ್ಟು ಕಾಡುವುದೇಕೆ ಎಂಬುದಕ್ಕೆ ಇದೇ ಉತ್ತರ. ಅದಕ್ಕೇ ಹಲವು ವೈದ್ಯರು ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುವ ಡಯಾಜೆಪಾಮ್‌ಗೆ ಬದಲಿಸಿ ಇಳಿಸುತ್ತಾರೆ.

ನಮ್ಮ ಕಾನೂನು ಹತ್ತುವ ಬಾಗಿಲನ್ನು ಕಾಯುತ್ತದೆ. 2014ರ ಮಾರ್ಚ್‌ನಿಂದ ಷೆಡ್ಯೂಲ್ ಎಚ್1 ಪ್ರಕಾರ ಇಂಥ ಮಾತ್ರೆ ಮಾರುವ ಅಂಗಡಿಯವರು ವೈದ್ಯರ, ರೋಗಿಯ ಹೆಸರು ಬರೆದ ದಾಖಲೆಯನ್ನು ಮೂರು ವರ್ಷ ಇಡಬೇಕು. ಸರಿಯಾದ ಕ್ರಮವೇ. ಆದರೆ ಇಳಿಯುವ ಬಾಗಿಲಿಗೆ ಯಾವ ರಿಜಿಸ್ಟರೂ ಇಲ್ಲ. ಗಣಪತಿ ಹಬ್ಬಕ್ಕೆ ಊರಿಗೆ ಹೋದಾಗ ಸ್ಟ್ರಿಪ್ ಖಾಲಿಯಾದರೆ, ಚೀಟಿ ಮುಂಬಯಿಯಲ್ಲೇ ಉಳಿದರೆ, ಅಲ್ಲಿ ಆಗುವುದು ಇಳಿಕೆಯಲ್ಲ, ಬೀಳಿಕೆ.

ಸಾಫ್ಟ್‌ವೇರ್‌ನಲ್ಲಿ ಹಿಂದಕ್ಕೆ ಬರುವ ಯೋಜನೆ ಇಲ್ಲದೆ ನಾವು ಯಾವ ರಿಲೀಸನ್ನೂ ಒಪ್ಪುವುದಿಲ್ಲ. ವೈದ್ಯರು ಮೊದಲ ಚೀಟಿ ಬರೆಯುವ ದಿನವೇ ಕೇಳಿಬಿಡಿ: 'ಡಾಕ್ಟ್ರೇ, ಇದನ್ನು ಯಾವಾಗ, ಹೇಗೆ ನಿಲ್ಲಿಸೋದು?' ಈಗಾಗಲೇ ವರ್ಷಗಳಿಂದ ತಗೊಳ್ಳುತ್ತಿದ್ದರೆ ಇವತ್ತೇ ನಿಲ್ಲಿಸಬೇಡಿ. ಇದೇ ಪ್ರಶ್ನೆ ಹಿಡಿದು ಅವರ ಬಳಿ ಹೋಗಿ.