721ರ ಗುಟ್ಟು: ಇಬ್ನುಲ್ ಹೈಸಮ್ ಮತ್ತು ಅವಿಭಾಜ್ಯ ಸಂಖ್ಯೆಗಳು

ಒಂದು ಲೆಕ್ಕದಿಂದ ಆರಂಭಿಸೋಣ. ಒಂದು ಸಂಖ್ಯೆಯನ್ನು 2, 3, 4, 5, 6 ಇವುಗಳಲ್ಲಿ ಯಾವುದರಿಂದ ಭಾಗಿಸಿದರೂ 1 ಉಳಿಯಬೇಕು. 7ರಿಂದ ಭಾಗಿಸಿದರೆ ಮಾತ್ರ ಏನೂ ಉಳಿಯಬಾರದು. ಆ ಸಂಖ್ಯೆ ಯಾವುದು?

ಸುಮಾರು ಸಾವಿರ ವರ್ಷಗಳ ಹಿಂದೆ ಈ ಲೆಕ್ಕವನ್ನು ಬಿಡಿಸಿದವರು ಇಬ್ನುಲ್ ಹೈಸಮ್. ಕ್ರಿ.ಶ. 965ರ ಸುಮಾರಿಗೆ ಇರಾಕಿನ ಬಸರಾದಲ್ಲಿ ಜನಿಸಿ, 1040ರ ಸುಮಾರಿಗೆ ಕೈರೋದಲ್ಲಿ ನಿಧನರಾದ ಈ ವಿದ್ವಾಂಸರು ಬೆಳಕಿನ ಕುರಿತ ‘ಕಿತಾಬುಲ್ ಮನಾಝಿರ್’ ಗ್ರಂಥದಿಂದ ಲೋಕಪ್ರಸಿದ್ಧರು. ಸಂಖ್ಯೆಗಳ ಬಗ್ಗೆ ಅವರು ಮಾಡಿದ ಚಿಂತನೆ ಅಷ್ಟಾಗಿ ಪ್ರಚಾರ ಪಡೆದಿಲ್ಲ.

ಅವರ ದಾರಿ ಸರಳ. 1ರಿಂದ 6ರವರೆಗಿನ ಸಂಖ್ಯೆಗಳನ್ನೆಲ್ಲ ಗುಣಿಸಿದರೆ 720. ಅದಕ್ಕೆ 1 ಕೂಡಿಸಿದರೆ 721. 720 ಈ ಐದೂ ಸಂಖ್ಯೆಗಳಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ 721ರಲ್ಲಿ 1 ಉಳಿಯಲೇಬೇಕು. ಇನ್ನು 721 ಎಂದರೆ 7 × 103. 301 ಕೂಡ ಸರಿಯುತ್ತರವೇ. ಆದರೆ 721ರ ದಾರಿಯಲ್ಲಿ ಒಂದು ನಿಯಮ ಅಡಗಿದೆ. 7 ಅವಿಭಾಜ್ಯ ಸಂಖ್ಯೆ. ಎಲ್ಲ ಅವಿಭಾಜ್ಯ ಸಂಖ್ಯೆಗಳಿಗೂ ಈ ಗುಣವಿದೆ ಎಂದು ಅವರು ಗುರುತಿಸಿದರು. 5ನ್ನು ತೆಗೆದುಕೊಳ್ಳಿ: 1 × 2 × 3 × 4 = 24, ಒಂದು ಕೂಡಿಸಿದರೆ 25. ಅವಿಭಾಜ್ಯವಲ್ಲದ 6ಕ್ಕೆ ಇದು ಹೊಂದುವುದಿಲ್ಲ: 120 + 1 = 121, ಶೇಷ 1.

ಇಂದು ಇದನ್ನು ‘ವಿಲ್ಸನ್ ಪ್ರಮೇಯ’ ಎನ್ನುತ್ತಾರೆ. 1770ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ವೇರಿಂಗ್ ತಮ್ಮ ಶಿಷ್ಯ ಜಾನ್ ವಿಲ್ಸನ್ ಹೆಸರಿನಲ್ಲಿ ಇದನ್ನು ಪ್ರಕಟಿಸಿದರು. ಗುರುಶಿಷ್ಯರಿಬ್ಬರಿಗೂ ಅದನ್ನು ಸಾಧಿಸಿ ತೋರಿಸಲಾಗಲಿಲ್ಲ. 1771ರಲ್ಲಿ ಲಗ್ರಾಂಜ್ ಆ ಕೆಲಸ ಮಾಡಿದರು. ಹೆಸರು ಯಾರದೇ ಇರಲಿ, ನ್ಯಾಯವಾಗಿ ಹೇಳುವುದಾದರೆ ಮೊದಲು ಕಂಡ ಶ್ರೇಯಸ್ಸು ಇಬ್ನುಲ್ ಹೈಸಮ್‌ರಿಗೆ, ಸಾಧಿಸಿದ ಶ್ರೇಯಸ್ಸು ಲಗ್ರಾಂಜ್‌ರಿಗೆ ಸಲ್ಲಬೇಕು.

ಸಾಧನೆ ಏಕೆ ಬೇಕು? 2024ರ ಅಕ್ಟೋಬರ್‌ನಲ್ಲಿ ಒಂದು ಬೃಹತ್ ಅವಿಭಾಜ್ಯ ಸಂಖ್ಯೆ ಪತ್ತೆಯಾಯಿತು. 13,62,79,841 ಎರಡುಗಳನ್ನು ಒಟ್ಟಿಗೆ ಗುಣಿಸಿ 1 ಕಳೆದರೆ ಸಿಗುವ ಆ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ಅದಕ್ಕಿಂತ ಚಿಕ್ಕ ಸಂಖ್ಯೆಗಳನ್ನೆಲ್ಲ ಗುಣಿಸಲು ಯಾವ ಕಂಪ್ಯೂಟರಿಗೂ ಸಾಧ್ಯವಿಲ್ಲ. ಆದ್ದರಿಂದ ಅದು ಅವಿಭಾಜ್ಯವೆಂದು ಖಚಿತಪಡಿಸಿಕೊಂಡದ್ದು ಬೇರೆ ವಿಧಾನದಿಂದ. ಆದರೂ ಆ ಗುಣಲಬ್ಧಕ್ಕೆ 1 ಕೂಡಿಸಿದರೆ ಈ ಸಂಖ್ಯೆಯಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು ನಾವು ನಿಸ್ಸಂಶಯವಾಗಿ ಹೇಳಬಲ್ಲೆವು. ಯಾರೂ ಮಾಡಲಾಗದ ಲೆಕ್ಕದ ಉತ್ತರವನ್ನು ಕೊಡುವುದು ಸಾಧನೆಯ ಶಕ್ತಿ.

ನಮ್ಮ ಸಭೆಗಳಲ್ಲಿ ಪೂರ್ವಜರ ಹೆಸರುಗಳನ್ನು ಅಭಿಮಾನದಿಂದ ಹೇಳುತ್ತೇವೆ. ಹೇಳಬೇಕು ಕೂಡ. ಆದರೆ ಹೆಸರು ಹೇಳಿದ ಮಾತ್ರಕ್ಕೆ ಗಣಿತ ನಮ್ಮದಾಗುವುದಿಲ್ಲ. ಇಂದು ರಾತ್ರಿ ನಿಮ್ಮ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲು 11ಕ್ಕೆ, ಬಳಿಕ 12ಕ್ಕೆ ಈ ನಿಯಮವನ್ನು ಪರೀಕ್ಷಿಸಲಿ. ಒಂದು ಹೊಂದಿ ಇನ್ನೊಂದು ಹೊಂದದೆ ಹೋದಾಗ ಮಗು ‘ಏಕೆ?’ ಎಂದು ಕೇಳೀತು. ಇಬ್ನುಲ್ ಹೈಸಮ್‌ರ ನಿಜವಾದ ವಾರಸುದಾರಿಕೆ ಆ ಪ್ರಶ್ನೆಯಲ್ಲಿದೆ.