ಕೊಟ್ಟ ಹಣಕ್ಕೆ ಕೇಳದ ಲೆಕ್ಕ

ಸರ್ಕಾರದ ಹಣ ಯಾವ ಖಾಸಗಿ ಸಂಸ್ಥೆಗೂ ಹೋಗಕೂಡದು ಎಂದು ನ್ಯೂಯಾರ್ಕ್ ರಾಜ್ಯ 1874ರಲ್ಲಿ ತನ್ನ ಸಂವಿಧಾನಕ್ಕೇ ತಿದ್ದುಪಡಿ ತಂದಿತು. ಅದೇ ತಿದ್ದುಪಡಿಯಲ್ಲಿ ಒಂದು ವಿನಾಯಿತಿಯನ್ನೂ ಇಟ್ಟಿತು: ಅಂಧರು, ಕಿವುಡರು ಮತ್ತು ಬಾಲಾಪರಾಧಿಗಳ ಶಿಕ್ಷಣ, ಪೋಷಣೆಗೆ ಶಾಸನಸಭೆ ತನಗೆ ಸರಿಕಂಡ ಏರ್ಪಾಡು ಮಾಡಬಹುದು. ಇದಕ್ಕೆ ಕಾರಣವಿತ್ತು. ನ್ಯೂಯಾರ್ಕ್ ನಗರದಲ್ಲಿ ಕಿವುಡ ಮಕ್ಕಳ ಶಾಲೆ 1818ರಲ್ಲಿ, ಅಂಧ ಮಕ್ಕಳ ಶಾಲೆ 1832ರಲ್ಲಿ ತೆರೆದಿದ್ದವು. ಎರಡನ್ನೂ ಕಟ್ಟಿದವರು ಖಾಸಗಿ ದಾನಿಗಳು. ಬಡ ಮಕ್ಕಳ ಖರ್ಚನ್ನು ಮಾತ್ರ ರಾಜ್ಯ ಕೊಡುತ್ತಿತ್ತು. ಆ ಹಣ ನಿಲ್ಲಿಸಿದರೆ ಆ ಮಕ್ಕಳಿಗೆ ಬೇರೆ ಗತಿಯಿರಲಿಲ್ಲ. ಹೀಗೆ ವಿಶೇಷ ಶಿಕ್ಷಣ ಮೊದಲಿನಿಂದಲೂ ಖಾಸಗಿಯವರು ನಡೆಸುವ, ಸರ್ಕಾರ ದುಡ್ಡು ಕೊಡುವ ಕೆಲಸವಾಗಿ ಬೆಳೆಯಿತು. 1894ರ ಸಂವಿಧಾನ ದತ್ತಿ ಸಂಸ್ಥೆಗಳ ತಪಾಸಣೆಯನ್ನು ರಾಜ್ಯದ ದತ್ತಿ ಮಂಡಳಿಗೆ ವಹಿಸಿತು. ಆ ಮಂಡಳಿಯ ನಿಯಮದಂತೆ ಸೇರಿಸಿಕೊಂಡವರ ಹೊರತು ಇನ್ನಾರ ಪಾಲನೆಗೂ ಸರ್ಕಾರಿ ಹಣವಿಲ್ಲ ಎಂದೂ ಬರೆಯಿತು. ಆ ಮಾತನ್ನು ಬರೆದವರಿಗೆ ಒಂದು ವಿಷಯ ಸ್ಪಷ್ಟವಾಗಿತ್ತು ಎಂದು ನನಗನಿಸುತ್ತದೆ: ಹಣ ಕೊಡುವುದೂ ಅದು ಹೋದ ಕಡೆ ಕಣ್ಣಿಡುವುದೂ ಒಂದೇ ಕೆಲಸದ ಎರಡು ಭಾಗಗಳು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮೊದಲನೆಯ ಭಾಗ ವಿಪರೀತ ಬೆಳೆದು, ಎರಡನೆಯದು ಸೊರಗಿತು.

ಅಂಗವೈಕಲ್ಯವಿರುವ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣ ಕೊಡಬೇಕೆಂದು ಅಮೆರಿಕದ ಕೇಂದ್ರ ಸರ್ಕಾರ 1975ರಲ್ಲಿ ಕಾಯ್ದೆ ಮಾಡಿತು. 1986ರಲ್ಲಿ ಅದನ್ನು ಮೂರು ವರ್ಷದ ಮಕ್ಕಳಿಂದಲೇ ಅನ್ವಯವಾಗುವಂತೆ ವಿಸ್ತರಿಸಿತು. ಅಲ್ಲಿಯವರೆಗೆ ನ್ಯೂಯಾರ್ಕ್‌ನಲ್ಲಿ ಇಷ್ಟು ಚಿಕ್ಕ ಮಗುವಿಗೆ ಸೇವೆ ಬೇಕಿದ್ದರೆ ತಂದೆತಾಯಿ ಕೌಟುಂಬಿಕ ನ್ಯಾಯಾಲಯದಿಂದ ಆದೇಶ ತರಬೇಕಿತ್ತು. 1989ರಲ್ಲಿ ರಾಜ್ಯದ ಶಿಕ್ಷಣ ಕಾಯ್ದೆಗೆ 4410ನೇ ಕಲಂ ಸೇರಿ ಆ ಅಲೆದಾಟ ತಪ್ಪಿತು. ಅದು ದೊಡ್ಡ ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೇವೆ ಕೊಡುವ ಸಂಸ್ಥೆಗಳು ಹೆಚ್ಚಾಗಿ ಖಾಸಗಿಯವೇ ಆಗಿದ್ದವು. ಖರ್ಚಿನಲ್ಲಿ ರಾಜ್ಯದ ಪಾಲು ಶೇ 59.5, ಕೌಂಟಿ ಅಥವಾ ನಗರದ ಪಾಲು ಶೇ 40.5. 2012ರ ಹೊತ್ತಿಗೆ ನ್ಯೂಯಾರ್ಕ್ ನಗರವೊಂದರಲ್ಲೇ ಈ ಬಾಬ್ತಿಗೆ ವರ್ಷಕ್ಕೆ 100 ಕೋಟಿ ಡಾಲರಿಗೂ ಮೀರಿ ಖರ್ಚಾಗುತ್ತಿತ್ತು ಎಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬರೆಯಿತು.

ಇಲ್ಲಿ ದರ ನಿಗದಿಯಾಗುತ್ತಿದ್ದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಟೆಂಡರ್ ಇಲ್ಲ, ಚೌಕಾಸಿಯಿಲ್ಲ. ಪ್ರತಿ ಸಂಸ್ಥೆ ವರ್ಷಕ್ಕೊಮ್ಮೆ ತನ್ನ ಖರ್ಚನ್ನೆಲ್ಲ ಏಕೀಕೃತ ಹಣಕಾಸು ವರದಿಯಲ್ಲಿ ತುಂಬಿ ಕೊಡಬೇಕಿತ್ತು. ಆ ವರದಿಯ ಆಧಾರದ ಮೇಲೆ ಶಿಕ್ಷಣ ಇಲಾಖೆ ಆ ಸಂಸ್ಥೆಯ ದರ ಗೊತ್ತುಮಾಡುತ್ತಿತ್ತು. ಅಂದರೆ ಮಾರುವವನು ಬರೆದುಕೊಟ್ಟ ಖರ್ಚೇ ಕೊಳ್ಳುವವನು ತೆರುವ ಬೆಲೆಗೆ ತಳಹದಿ. ಇಂಥ ವ್ಯವಸ್ಥೆಯಲ್ಲಿ ಲೆಕ್ಕಪರಿಶೋಧನೆ ಹಣ ಕೊಟ್ಟಾದ ಮೇಲಿನ ಶಾಸ್ತ್ರವಾಗಲಾರದು, ಬೆಲೆ ಕಟ್ಟುವ ಕೆಲಸದ್ದೇ ಒಂದು ಅಂಗ ಅದು. ಇಲಾಖೆಯ ಕೈಪಿಡಿಯೇನೋ ಬಿಗಿಯಾಗಿಯೇ ಇತ್ತು: ಖರ್ಚು ನ್ಯಾಯವಾಗಿರಬೇಕು, ಅಗತ್ಯವಾಗಿರಬೇಕು, ಮಕ್ಕಳ ಕಾರ್ಯಕ್ರಮಕ್ಕೆ ನೇರವಾಗಿ ಸೇರಿದ್ದಾಗಿರಬೇಕು, ಅದಕ್ಕೆ ತಕ್ಕ ದಾಖಲೆ ಇರಬೇಕು. ರಾಜ್ಯದ ಕಂಪ್ಟ್ರೋಲರ್ ಥಾಮಸ್ ಡಿನಪೋಲಿ ಅವರ ಕಚೇರಿ (ನಮ್ಮ ಸಿಎಜಿಯಂಥದ್ದು, ಆದರೆ ಅಲ್ಲಿ ಜನ ಮತ ಹಾಕಿ ಆರಿಸುವ ಹುದ್ದೆ) 2012ರ ಸುಮಾರಿಗೆ ಒಂದೊಂದೇ ಸಂಸ್ಥೆಯ ಪುಸ್ತಕ ತೆರೆಯತೊಡಗಿದಾಗ, ಆ ನಿಯಮಗಳು ಎಷ್ಟೋ ಕಡೆ ಕಾಗದದ ಮೇಲೇ ಉಳಿದಿದ್ದವೆಂದು ಗೊತ್ತಾಯಿತು. ಕೆಲಸ ಮಾಡಿದ್ದಕ್ಕೆ ಪುರಾವೆಯಿಲ್ಲದ ನೆಂಟರಿಗೆ ಸಂಬಳ, ಸ್ವಂತ ಬಳಕೆಯ ಕಾರು, ಮಾಲೀಕರದೇ ಕಟ್ಟಡಕ್ಕೆ ಹೆಚ್ಚಿನ ಬಾಡಿಗೆ, ರಸೀದಿಯಿಲ್ಲದ ಸಲಹಾ ಶುಲ್ಕ ಎಲ್ಲವೂ ಮಕ್ಕಳ ಶಿಕ್ಷಣದ ಖರ್ಚೆಂದು ದಾಖಲಾಗಿದ್ದವು. ಕೆಲವು ಪ್ರಕರಣಗಳು ಕ್ರಿಮಿನಲ್ ಮೊಕದ್ದಮೆಯವರೆಗೂ ಹೋದವು. 2013ರ ಡಿಸೆಂಬರಿನಲ್ಲಿ ಬಂದ ಕಾಯ್ದೆ, ಶಾಲಾಪೂರ್ವ ಮಕ್ಕಳಿಗೆ ವಿಶೇಷ ಶಿಕ್ಷಣ ನೀಡುವ ಸಂಸ್ಥೆಗಳ ಲೆಕ್ಕವನ್ನು 2018ರ ಮಾರ್ಚ್ 31ರೊಳಗೆ ಕಂಪ್ಟ್ರೋಲರ್ ಪರಿಶೀಲಿಸಬೇಕೆಂದಿತು. 4410ನೇ ಕಲಂ ಬಂದು ಆಗಲೇ 24 ವರ್ಷ ಕಳೆದಿತ್ತು.

ಖಾಸಗಿ ಸಂಸ್ಥೆಯ ಕಡತಕ್ಕೆ ಸರ್ಕಾರ ಕೈಹಾಕಬಹುದೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನ್ಯೂಯಾರ್ಕ್‌ನ ಅತ್ಯುನ್ನತ ನ್ಯಾಯಾಲಯವೇ 2009ರಲ್ಲಿ ಚಾರ್ಟರ್ ಶಾಲೆಗಳ (ಸರ್ಕಾರದ ಹಣದಲ್ಲಿ ಸ್ವತಂತ್ರ ಮಂಡಳಿಗಳು ನಡೆಸುವ ಶಾಲೆಗಳ) ಪರವಾಗಿ ತೀರ್ಪು ಕೊಟ್ಟು, ಅವುಗಳ ಲೆಕ್ಕ ನೋಡುವ ಕೆಲಸವನ್ನು ಕಂಪ್ಟ್ರೋಲರಿಗೆ ವಹಿಸುವುದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದಿತ್ತು. ಆದರೆ ಅದೇ ನ್ಯಾಯಾಲಯ 2014ರಲ್ಲಿ ಖಾಸಗಿ ವೈದ್ಯರ ಮೊಕದ್ದಮೆಯಲ್ಲಿ, ರಾಜ್ಯ ನೌಕರರ ಆರೋಗ್ಯ ವಿಮೆಯ ಹಣ ಹೋದ ಕಡೆ ಬಿಲ್ಲುಗಳನ್ನು ನೋಡುವ ಅಧಿಕಾರ ಕಂಪ್ಟ್ರೋಲರಿಗಿದೆ ಎಂದು ಹೇಳಿತು. ಎರಡನೆಯ ತೀರ್ಪಿನ ತರ್ಕವೇ ವಿಶೇಷ ಶಿಕ್ಷಣಕ್ಕೆ ಹೆಚ್ಚು ಹತ್ತಿರವೆಂದು ನನ್ನ ಎಣಿಕೆ. ಇಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ರಾಜ್ಯದ ಬೊಕ್ಕಸದ್ದು. ದರ ರಾಜ್ಯದ್ದು. ನೆರವೇರಬೇಕಾದ ಕರ್ತವ್ಯವೂ ರಾಜ್ಯದ್ದೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ನೋವಿನದು. ಪರಿಶೋಧಕರು ತಿರಸ್ಕರಿಸಿದ ಖರ್ಚೆಲ್ಲ ಕಳ್ಳತನವಲ್ಲ. ಮನೆಮನೆಗೆ ಹೋಗಿ ಕಲಿಸುವ ಶಿಕ್ಷಕಿಗೆ ಅರ್ಧ ಗಂಟೆಯ ಪಾಠದ ಲೆಕ್ಕದಲ್ಲಿ ಹಣ. ಯಾವ ದಿನ, ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯಿತು, ಎಲ್ಲಿ ಎಂದು ಬರೆದು ಸಹಿ ಮಾಡಿಸಬೇಕು. ಆ ಹಾಳೆ ಕಳೆದುಹೋದರೆ, ಮಾತೇ ಬರದ ಮಗುವಿಗೆ ಅಂದು ಒಂದು ಪದ ಕಲಿಸಿದ್ದೂ ಲೆಕ್ಕಕ್ಕೆ ಬರುವುದಿಲ್ಲ. ಮೇಲಾಗಿ 2009ರ ನಂತರ ಹಲವು ವರ್ಷ ಸರ್ಕಾರ ದರವನ್ನೇ ಏರಿಸಲಿಲ್ಲ. ಪ್ರಾಮಾಣಿಕ ಶಾಲೆಗಳಿಗೆ ಶಿಕ್ಷಕರನ್ನು ಉಳಿಸಿಕೊಳ್ಳುವುದೇ ಕಷ್ಟವಾಗಿ, ಕೆಲವು ಬಾಗಿಲು ಹಾಕಿದವು. ಈ ದೂರು ನಿಜ. ಆದರೆ ಅದು ಪರಿಶೋಧನೆ ಬೇಡವೆನ್ನಲು ಕಾರಣವಾಗುವುದಿಲ್ಲ, ತಡವಾದ ಪರಿಶೋಧನೆ ಬೇಡವೆನ್ನಲು ಕಾರಣವಾಗುತ್ತದೆ. ಉಬ್ಬಿಸಿದ ಖರ್ಚು ದಾಖಲಾದ ವರ್ಷವೇ ಹಿಡಿದಿದ್ದರೆ, ಎಲ್ಲ ಶಾಲೆಗಳನ್ನೂ ಒಂದೇ ಅನುಮಾನದಿಂದ ನೋಡಿ ದರ ಕಟ್ಟಿಹಾಕುವ ಅಗತ್ಯ ಅಷ್ಟಾಗಿ ಬೀಳುತ್ತಿರಲಿಲ್ಲ.

ಪರಿಶೋಧನೆಗೆ ಸಿಗದ ಸಂಗತಿಯೂ ಒಂದಿತ್ತು. ನ್ಯೂಯಾರ್ಕ್ ನಗರದಲ್ಲಿ ಮಗುವಿಗೆ ಏನು ಸೇವೆ ಬೇಕೆಂದು ಪರೀಕ್ಷಿಸಿ ಹೇಳುವ ಸಂಸ್ಥೆಯೇ ಆ ಸೇವೆಯನ್ನು ಮಾರಲೂ ಅವಕಾಶವಿತ್ತು. ಪ್ರತಿ ಪಾಠಕ್ಕೂ ಸಹಿಯಿದ್ದು, ಪ್ರತಿ ಡಾಲರಿಗೂ ರಸೀದಿಯಿದ್ದರೂ, ಆ ಪಾಠ ಮಗುವಿಗೆ ಬೇಕಿತ್ತೇ ಎಂಬುದನ್ನು ಲೆಕ್ಕಪುಸ್ತಕ ಹೇಳಲಾರದು. ಅದನ್ನು ಸರಿಪಡಿಸುವ ಹೊಣೆ ಶಾಸನಸಭೆಯದು. ಲೆಕ್ಕಕ್ಕೆ ಸಿಗುವ ತಪ್ಪುಗಳಲ್ಲೂ ಪರಿಶೋಧಕರು ನೋಡುವುದು ಕಳೆದ ವರ್ಷಗಳ ಲೆಕ್ಕ. ತಿರಸ್ಕೃತ ಮೊತ್ತವನ್ನು ಇಲಾಖೆ ವಸೂಲು ಮಾಡುವುದು ಆ ಸಂಸ್ಥೆಯ ದರವನ್ನು ಸರಿಹೊಂದಿಸಿ. ಅಷ್ಟು ಹೊತ್ತಿಗೆ ಯಾರ ಹೆಸರಿನಲ್ಲಿ ಆ ಹಣ ಹೋಗಿತ್ತೋ ಆ ಮಕ್ಕಳು ಶಾಲಾಪೂರ್ವ ವಯಸ್ಸು ದಾಟಿ ಬೇರೆ ಶಾಲೆ ಸೇರಿರುತ್ತಾರೆ. ಕಡಿತ ಬೀಳುವುದು ಹೊಸದಾಗಿ ಬಂದ ಮೂರು ವರ್ಷದ ಮಕ್ಕಳ ತರಗತಿಯ ಮೇಲೆ.