ಕೂಲಿ ದರ ಹಾಗೂ ಕುಶಲತೆಗೆ ಅನುಗುಣವಾಗಿ ಕಾರ್ಮಿಕರ ಬೇಡಿಕೆ

ಪೀಠಿಕೆ

ಬೆಂಗಳೂರು ದಕ್ಷಿಣದ ಗೊಟ್ಟಿಗೆರೆಯು ಬನ್ನೇರುಘಟ್ಟ ರಸ್ತೆಯಲ್ಲಿದ್ದು, ಗ್ರಾಮದಿಂದ ನಗರ ಬಡಾವಣೆಯಾಗಿ ಬೆಳೆದ ಪ್ರದೇಶವಾಗಿದೆ. ಇಂತಹ ಪ್ರದೇಶಗಳಲ್ಲಿ ನಿರ್ಮಾಣ, ಸಿದ್ಧ ಉಡುಪು ಹಾಗೂ ಭದ್ರತಾ ಕೆಲಸಗಳಿಗೆ ಕಾರ್ಮಿಕರನ್ನು ನೇಮಿಸಿಕೊಳ್ಳುವಾಗ ಮಾಲೀಕರು ಕೂಲಿ ದರವನ್ನೂ ಕುಶಲತೆಯನ್ನೂ ತೂಗಿ ನೋಡುತ್ತಾರೆ.

ವರ್ಗೀಕರಣ

ಕನಿಷ್ಠ ವೇತನ ಅಧಿನಿಯಮ, 1948ರ ಸ್ಥಾನದಲ್ಲಿ ವೇತನ ಸಂಹಿತೆ, 2019 ದಿನಾಂಕ 21-11-2025ರಿಂದ ಜಾರಿಗೆ ಬಂದಿದೆ. ಕನಿಷ್ಠ ವೇತನ ನಿಗದಿಯಲ್ಲಿ ಅಕುಶಲ, ಅರೆಕುಶಲ, ಕುಶಲ ಮತ್ತು ಅತಿಕುಶಲ ವರ್ಗಗಳನ್ನು ಹಾಗೂ ಭೌಗೋಳಿಕ ಪ್ರದೇಶವನ್ನು ಪರಿಗಣಿಸಲು ಇದರಲ್ಲಿ ಅವಕಾಶವಿದೆ.

ಬೇಡಿಕೆಯ ಮೇಲಿನ ಪರಿಣಾಮ

1. ಬದಲಿ: ಒಂದು ವರ್ಗದ ಕೂಲಿ ಏರಿದಾಗ ಆ ಕೆಲಸಕ್ಕೆ ಯಂತ್ರ ದೊರೆಯುವಂತಿದ್ದರೆ ಬೇಡಿಕೆ ತಗ್ಗುತ್ತದೆ. ಸಿದ್ಧ ಕಾಂಕ್ರೀಟ್ ಬಂದಲ್ಲಿ ಜಲ್ಲಿ, ಮರಳು ಹೊರುವ ಆಳುಗಳು ಕಡಿಮೆ ಸಾಕು. ಯಂತ್ರ ನಡೆಸುವವರು ಹೆಚ್ಚು ಬೇಕು.

2. ಪೂರಕತೆ: ಗಾರೆ ಕೆಲಸಗಾರರ ಕೂಲಿ ಏರಿತೆಂದು ಅವರ ಸ್ಥಾನದಲ್ಲಿ ಕೈಯಾಳುಗಳನ್ನು ಇಡಲಾಗದು. ಗಾರೆ ಕೆಲಸ ನಿಂತರೆ ಕೈಯಾಳಿನ ಕೆಲಸವೂ ನಿಲ್ಲುತ್ತದೆ.

3. ವೇತನದ ಅಂತರ: ಅಂತರ ಅಲ್ಪವಿದ್ದರೆ ಮಾಲೀಕರು ಅನುಭವಿಗಳನ್ನೇ ಬಯಸುತ್ತಾರೆ. ಅಂತರ ಹೆಚ್ಚಾದರೆ ಕೆಲಸವನ್ನು ಬಿಡಿಯಾಗಿ ಹಂಚುತ್ತಾರೆ. ಉಡುಪು ಕಾರ್ಖಾನೆಗಳಲ್ಲಿ ಕಾಲರ್, ತೋಳು, ಜೇಬುಗಳನ್ನು ಬೇರೆಬೇರೆಯವರು ಹೊಲಿಯುವ ಪದ್ಧತಿಯಿಂದ ಹೊಸಬರಿಗೂ ಕೆಲಸ ದೊರೆಯುತ್ತದೆ.

ಕನಿಷ್ಠ ವೇತನ ಏರಿದರೆ ಉದ್ಯೋಗ ಕುಗ್ಗಲೇಬೇಕೆಂಬ ನಿಯಮವಿಲ್ಲ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಂಟೆಯ ಕನಿಷ್ಠ ವೇತನ 4.25 ಡಾಲರಿನಿಂದ 5.05 ಡಾಲರಿಗೆ ಏರಿದಾಗ, ಉಪಾಹಾರ ಮಂದಿರಗಳಲ್ಲಿ ಉದ್ಯೋಗ ಕುಗ್ಗಿದ್ದು ಕಂಡುಬರಲಿಲ್ಲವೆಂದು ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ 1994ರಲ್ಲಿ ವರದಿ ಮಾಡಿದರು.

ಅರ್ಜಿದಾರರ ಗಮನಕ್ಕೆ

ಕುಶಲ ಕೆಲಸ ಮಾಡಿಸಿಕೊಂಡು ದಾಖಲೆಯಲ್ಲಿ ಅಕುಶಲ ಎಂದು ತೋರಿಸಿದಲ್ಲಿ ಕಾರ್ಮಿಕರಿಗೆ ಪ್ರತಿ ತಿಂಗಳೂ ನಷ್ಟವಾಗುತ್ತದೆ. ಆದ್ದರಿಂದ:

* ನೇಮಕಾತಿ ಪತ್ರ ಮತ್ತು ವೇತನ ಚೀಟಿಯಲ್ಲಿ ನಮೂದಿಸಿರುವ ಹುದ್ದೆಯು ಮಾಡುವ ಕೆಲಸಕ್ಕೆ ಹೊಂದುವುದೇ ಎಂದು ಪರಿಶೀಲಿಸತಕ್ಕದ್ದು.
* ವೇತನ ಚೀಟಿ, ಹಾಜರಾತಿ ಹಾಗೂ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳನ್ನು ಕಾಪಾಡಿಕೊಳ್ಳುವುದು.
* ಕಡಿಮೆ ವೇತನ ಪಾವತಿಯಾಗಿದ್ದಲ್ಲಿ ಸಂಹಿತೆಯ ಕಲಂ 45ರಡಿ 3 ವರ್ಷಗಳೊಳಗೆ ಕ್ಲೇಮು ಅರ್ಜಿ ಸಲ್ಲಿಸಬಹುದು. ಕಾರ್ಮಿಕರು ಸ್ವತಃ ಅಥವಾ ಅವರು ಸದಸ್ಯರಾಗಿರುವ ನೋಂದಾಯಿತ ಕಾರ್ಮಿಕ ಸಂಘದ ಮೂಲಕ ಅರ್ಜಿ ಸಲ್ಲಿಸಬಹುದು.
* ಗುತ್ತಿಗೆದಾರರು ವೇತನ ಪಾವತಿಸದಿದ್ದಲ್ಲಿ ಸಂಸ್ಥೆಯ ಮಾಲೀಕರೇ ಹೊಣೆಗಾರರಾಗಿರುತ್ತಾರೆ.

ಕಾರ್ಮಿಕ ಇಲಾಖೆಯ ಕಾರ್ಮಿಕ ಭವನವು ಇದೇ ಬನ್ನೇರುಘಟ್ಟ ರಸ್ತೆಯ ಡೇರಿ ವೃತ್ತದ ಬಳಿ ಇದೆ.